ಅಳತೆ ಸರಿ, ವಸೂಲಿ ತಡ: ಯುರೋಪಿನ ‘ಎಫರ್ಟ್ ಶೇರಿಂಗ್’ ವ್ಯವಸ್ಥೆ ಹೇಗಿದೆ?

ಐದಕ್ಕೆ ಮೂರು ಅಂಕ. ಹಸಿರುಮನೆ ಅನಿಲ ಕಡಿತದ ಹೊಣೆಯನ್ನು ಯುರೋಪಿಯನ್ ಒಕ್ಕೂಟದ 27 ದೇಶಗಳು ತಮ್ಮತಮ್ಮಲ್ಲಿ ಹಂಚಿಕೊಳ್ಳಲು ಮಾಡಿಕೊಂಡಿರುವ ‘ಎಫರ್ಟ್ ಶೇರಿಂಗ್’ ವ್ಯವಸ್ಥೆಗೆ ನಾವು ಕೊಡುವುದು ಇಷ್ಟು. ಯಾರಿಗೆ ಎಷ್ಟು ಪಾಲು ಎಂದು ಅಳೆದು ಹಂಚುವುದರಲ್ಲಿ, ವರ್ಷವರ್ಷದ ಲೆಕ್ಕ ಇಡುವುದರಲ್ಲಿ ಇದು ಬಹಳ ಶಿಸ್ತಿನ ವ್ಯವಸ್ಥೆ. ಅಂಕ ಕಳೆದದ್ದು ಎರಡು ಕಡೆ. ಬಾಕಿಯ ಲೆಕ್ಕ ಚುಕ್ತಾ ಆಗುವುದು ಐದು ವರ್ಷಕ್ಕೊಮ್ಮೆ. ಒಂದು ದೇಶ ಇನ್ನೊಂದು ದೇಶದಿಂದ ಪಾಲು, ಅಂದರೆ ಇಷ್ಟು ಟನ್ ಹೊಗೆ ಬಿಡುವ ಹಕ್ಕು, ಕೊಂಡಾಗ ಕೊಟ್ಟ ಬೆಲೆ ಸಾರ್ವಜನಿಕರಿಗೆ ಕಾಣುವ ಹಾಗೆ ಎಲ್ಲೂ ಒಂದೇ ಕಡೆ ನಮೂದಾಗುವುದಿಲ್ಲ. ಜರ್ಮನಿಯಲ್ಲೋ ಐರ್ಲೆಂಡಿನಲ್ಲೋ ಗ್ಯಾಸ್ ಬಿಲ್ ಕಟ್ಟುತ್ತಿರುವ ಕನ್ನಡಿಗರಿಗೆ ಈ ಎರಡು ಕೊರತೆಗಳ ಬಿಸಿ ನೇರವಾಗಿಯೇ ತಟ್ಟುತ್ತದೆ. ಹಾಗಾಗಿ ಸ್ವಲ್ಪ ಒಳಹೊಕ್ಕು ನೋಡುವುದು ಒಳ್ಳೆಯದು.

ಮೊದಲು, ಇದರೊಳಗೆ ಏನೇನು ಬರುತ್ತದೆ. ಯುರೋಪಿನ ಹೊಗೆಗೆ ಎರಡು ಖಾತೆ. ವಿದ್ಯುತ್ ಸ್ಥಾವರ, ಉಕ್ಕು, ಸಿಮೆಂಟು, ರಿಫೈನರಿಯಂಥ ದೊಡ್ಡ ಚಿಮಣಿಗಳದ್ದೆಲ್ಲ ಇಟಿಎಸ್ ಎಂಬ, ಹೊಗೆ ಬಿಡುವ ಪರ್ಮಿಟ್ಟುಗಳನ್ನು ಕೊಂಡು ಮಾರುವ ಮಾರುಕಟ್ಟೆಯ ಖಾತೆಗೆ. ಅಲ್ಲಿ 2013ರಿಂದ ಇಡೀ ಒಕ್ಕೂಟಕ್ಕೆ ಒಂದೇ ಮಿತಿ. ದೇಶಕ್ಕೊಂದು ಗುರಿ ಇಲ್ಲ, ಪರ್ಮಿಟ್ ಹೊಂದಿಸುವ ಜವಾಬ್ದಾರಿ ಕಂಪನಿಯದು. ಮಿಕ್ಕಿದ್ದೆಲ್ಲ ಎಫರ್ಟ್ ಶೇರಿಂಗ್ ಖಾತೆಗೆ: ರಸ್ತೆಯ ವಾಹನಗಳು, ಮನೆ ಮತ್ತು ಕಚೇರಿ ಬೆಚ್ಚಗಿಡಲು ಉರಿಸುವ ಗ್ಯಾಸು ಮತ್ತು ಎಣ್ಣೆ, ಹೊಲ, ದನಕರು, ಕಸದ ರಾಶಿ, ಸಣ್ಣ ಕಾರ್ಖಾನೆಗಳು, ಫ್ರಿಡ್ಜ್ ಮತ್ತು ಎಸಿಯಿಂದ ಸೋರುವ ಅನಿಲ. ಒಕ್ಕೂಟದೊಳಗಿನ ಒಟ್ಟು ಹೊರಸೂಸುವಿಕೆಯಲ್ಲಿ ಸುಮಾರು ಶೇ. 60 ಈ ಎರಡನೆಯ ಖಾತೆಯದು. ಇಲ್ಲಿ ಕಂಪನಿ ಹೊಣೆಯಲ್ಲ, ಸರ್ಕಾರವೇ ಹೊಣೆ.

ಈ ಎರಡು ಖಾತೆಗಳ ನಡುವಿನ ಗೆರೆ ಎಲ್ಲಿದೆ ಎಂಬುದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಅರ್ಧಕ್ಕರ್ಧ ಗೊಂದಲ ಹುಟ್ಟುವುದು ಅಲ್ಲೇ. ಮನೆಯ ನೆಲಮಾಳಿಗೆಯ ಗ್ಯಾಸ್ ಬಾಯ್ಲರಿನ ಹೊಗೆ ಎಫರ್ಟ್ ಶೇರಿಂಗಿಗೆ ಸೇರುತ್ತದೆ. ಅದೇ ಮನೆಗೆ 20 ಮೆಗಾವ್ಯಾಟ್ ಮೀರಿದ ಊರ ಬಿಸಿನೀರಿನ ಸ್ಥಾವರದಿಂದ ಶಾಖ ಬಂದರೆ ಆ ಹೊಗೆ ಇಟಿಎಸ್‌ನದು. ಬಾಯ್ಲರ್ ಕಿತ್ತು ವಿದ್ಯುತ್ತಿನಿಂದ ಮನೆ ಬೆಚ್ಚಗಿಡುವ ಹೀಟ್ ಪಂಪ್ ಹಾಕಿಸಿದರೆ ಮನೆಯ ಹೊಗೆ ಈ ಖಾತೆಯಿಂದ ಪೂರ್ತಿ ಅಳಿಸಿಹೋಗುತ್ತದೆ, ಅದಕ್ಕೆ ಬೇಕಾದ ವಿದ್ಯುತ್ತಿನ ಹೊಗೆ ಇಟಿಎಸ್ ಮಿತಿಯೊಳಗೆ ಹೋಗಿ ಕೂರುತ್ತದೆ. ಡೀಸೆಲ್ ಕಾರು ಬಿಟ್ಟು ಬ್ಯಾಟರಿ ಕಾರು ಕೊಂಡರೂ ಇದೇ ಕಥೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.6 ಕೆ.ಜಿ. ಇಂಗಾಲದ ಡೈಆಕ್ಸೈಡ್. ವರ್ಷಕ್ಕೆ 1000 ಲೀಟರ್ ಸುಡುವ ಒಂದು ಕಾರು ಬದಲಾದರೆ ದೇಶದ ಖಾತೆಯಲ್ಲಿ 2.6 ಟನ್ ಕಡಿಮೆಯಾಯಿತು ಎಂದೇ ಲೆಕ್ಕ. ಸರ್ಕಾರಗಳು ಹೀಟ್ ಪಂಪಿಗೂ ಬ್ಯಾಟರಿ ಕಾರಿಗೂ ಸಬ್ಸಿಡಿ ಸುರಿಯುವುದಕ್ಕೆ ಇದೂ ಒಂದು ಕಾರಣ.

ಹಂಚಿಕೆಯ ಮೂಲ 1997ರ ಕ್ಯೋಟೋ ಒಪ್ಪಂದದಲ್ಲಿದೆ. ಆಗಿನ 15 ದೇಶಗಳ ಒಕ್ಕೂಟ ಒಟ್ಟಾಗಿ ಶೇ. 8ರ ಕಡಿತಕ್ಕೆ ಒಪ್ಪಿ, 1998ರ ಜೂನ್‌ನಲ್ಲಿ ಒಳಗೊಳಗೇ ಹೊರೆ ಹಂಚಿಕೊಂಡಿತು. ಲಕ್ಸೆಂಬರ್ಗ್ ಶೇ. 28, ಜರ್ಮನಿ ಮತ್ತು ಡೆನ್ಮಾರ್ಕ್ ತಲಾ ಶೇ. 21 ಇಳಿಸಬೇಕು. ಫ್ರಾನ್ಸ್ ಇದ್ದಲ್ಲೇ ಇದ್ದರೆ ಸಾಕು. ಗ್ರೀಸ್ ಶೇ. 25, ಪೋರ್ಚುಗಲ್ ಶೇ. 27 ಏರಿಸಿಕೊಳ್ಳಬಹುದು. ಬಡ ದೇಶಕ್ಕೆ ಬೆಳೆಯಲು ಜಾಗ, ಶ್ರೀಮಂತ ದೇಶಕ್ಕೆ ಹೆಚ್ಚು ಹೊರೆ ಎಂಬ ಸೂತ್ರ ಅಲ್ಲಿಂದ ಬಂದದ್ದು. 2013ರಿಂದ 2020ರ ಅವಧಿಗೆ ಇದು ಕಾನೂನಿನ ರೂಪ ಪಡೆದಾಗ ಹೋಲಿಕೆಯ ವರ್ಷ 2005 ಆಯಿತು. ಒಟ್ಟು ಗುರಿ ಶೇ. 10, ದೇಶವಾರು ಗುರಿಗಳು ಶೇ. 20ರ ಇಳಿಕೆಯಿಂದ ಬಲ್ಗೇರಿಯದ ಶೇ. 20ರ ಏರಿಕೆಯವರೆಗೆ. 2018ರ ನಿಯಮ 2030ಕ್ಕೆ ಶೇ. 30 ಎಂದಿತು. 2023ರ ತಿದ್ದುಪಡಿ ಅದನ್ನು ಶೇ. 40ಕ್ಕೆ ಏರಿಸಿತು.

ಈಗ ಜಾರಿಯಲ್ಲಿರುವ ಗುರಿಗಳು ಹೀಗಿವೆ. ಜರ್ಮನಿ, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್, ಲಕ್ಸೆಂಬರ್ಗ್ 2005ಕ್ಕಿಂತ ಶೇ. 50 ಇಳಿಸಬೇಕು. ನೆದರ್ಲೆಂಡ್ಸ್ ಮತ್ತು ಆಸ್ಟ್ರಿಯ ಶೇ. 48, ಫ್ರಾನ್ಸ್ ಶೇ. 47.5, ಇಟಲಿ ಶೇ. 43.7, ಐರ್ಲೆಂಡ್ ಶೇ. 42, ಸ್ಪೇನ್ ಶೇ. 37.7, ಪೋಲೆಂಡ್ ಶೇ. 17.7, ರೊಮೇನಿಯ ಶೇ. 12.7, ಬಲ್ಗೇರಿಯ ಶೇ. 10. ಈ ಬಾರಿ ಏರಿಸಿಕೊಳ್ಳಲು ಯಾರಿಗೂ ಅವಕಾಶ ಇಲ್ಲ. ಇದು ದೊಡ್ಡ ಮುನ್ನಡೆ. 2005ರಲ್ಲಿ ತಲೆಗೊಂದು ಕಾರಿಲ್ಲದ ದೇಶಕ್ಕೂ ಈಗ ಇಳಿಯುವ ಗುರಿಯೇ ಇದೆ, ಆದರೆ ಅದರ ಇಳಿಜಾರು ಕಡಿದಲ್ಲ. ಒಕ್ಕೂಟದಲ್ಲಿಲ್ಲದ ನಾರ್ವೆ ಮತ್ತು ಐಸ್‌ಲೆಂಡ್ ಕೂಡ 2019ರಲ್ಲಿ ತಾವಾಗಿ ಒಪ್ಪಿಕೊಂಡು ಈ ನಿಯಮದೊಳಗೆ ಬಂದವು.

ಪಾಲು ಗೊತ್ತುಮಾಡುವ ಅಳತೆಗೋಲು ತಲಾ ಜಿಡಿಪಿ. 2018ರ ನಿಯಮಕ್ಕೆ 2013ರ ಅಂಕಿ ಬಳಸಿದರು, ತಿದ್ದುಪಡಿಗೆ 2017ರಿಂದ 2019ರ ಸರಾಸರಿ. ಶ್ರೀಮಂತ ದೇಶಗಳಿಗೆ ಅದರ ಮೇಲೆ ಇನ್ನೊಂದು ತಿದ್ದುಪಡಿ: ಅವರ ನೆಲದಲ್ಲಿ ಕಡಿತ ಎಷ್ಟು ಖರ್ಚಿನಲ್ಲಿ ಸಾಧ್ಯ ಎಂದು ನೋಡಿ ಗುರಿಯನ್ನು ಹೆಚ್ಚು ಕಡಿಮೆ ಮಾಡುವುದು. ತತ್ವ ಒಳ್ಳೆಯದೇ. ಆದರೆ ಎರಡು ದೇಶಗಳಲ್ಲಿ ಈ ಗೋಲು ಸುಳ್ಳು ಅಳತೆ ತೋರಿಸುತ್ತದೆ.

ಒಂದು ಐರ್ಲೆಂಡ್. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪೇಟೆಂಟು, ಸಾಫ್ಟ್‌ವೇರಿನಂಥ ಆಸ್ತಿಯನ್ನು ಕಾಗದದ ಮೇಲೆ ಡಬ್ಲಿನ್‌ಗೆ ತಂದದ್ದರಿಂದ 2015ರಲ್ಲಿ ಆ ದೇಶದ ಜಿಡಿಪಿ ಒಂದೇ ವರ್ಷದಲ್ಲಿ ಸುಮಾರು ಶೇ. 25 ಜಿಗಿಯಿತು. ಐರಿಷರ ಜೇಬಿಗೆ ಅಷ್ಟು ಹಣ ಬಂದಿರಲಿಲ್ಲ. ಹೀಗಾಗಿಯೇ ಅಲ್ಲಿನ ಅಂಕಿಅಂಶ ಕಚೇರಿ 2017ರಲ್ಲಿ, ಈ ಉಬ್ಬನ್ನು ಕಳೆದು ತೋರಿಸುವ ತಿದ್ದಿದ ರಾಷ್ಟ್ರೀಯ ಆದಾಯ ಎಂಬ ಬೇರೆ ಅಳತೆಯನ್ನೇ ಶುರುಮಾಡಿತು. ಇನ್ನೊಂದು ಕಡೆ ಐರ್ಲೆಂಡಿನ ಹೊಗೆಯ ದೊಡ್ಡ ಪಾಲು ದನಗಳದು. ಒಂದು ಹಾಲು ಕರೆಯುವ ಹಸು ವರ್ಷಕ್ಕೆ ಸುಮಾರು 100ರಿಂದ 130 ಕೆ.ಜಿ. ಮೀಥೇನ್ ತೇಗುತ್ತದೆ. ಈಗಿನ ಲೆಕ್ಕದಲ್ಲಿ ಒಂದು ಕೆ.ಜಿ. ಮೀಥೇನ್ 28 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮ. ಅಂದರೆ ಹಸುವೊಂದಕ್ಕೆ ಮೂರು ಟನ್ ಆಸುಪಾಸು, ಮೇಲೆ ಹೇಳಿದ ಡೀಸೆಲ್ ಕಾರಿಗಿಂತ ಹೆಚ್ಚು. ಕಾರಿನ ಹಾಗೆ ಹಸುವಿಗೆ ಬ್ಯಾಟರಿ ಹಾಕಲು ಬರುವುದಿಲ್ಲ. ಖರ್ಚಿನ ತಿದ್ದುಪಡಿ ಇದ್ದದ್ದರಿಂದಲೇ ಐರ್ಲೆಂಡಿನ ಗುರಿ ಬರೀ ಜಿಡಿಪಿ ಹೇಳಿದಷ್ಟು ಎತ್ತರಕ್ಕೆ ಹೋಗಲಿಲ್ಲ.

ಎರಡನೆಯದು ಲಕ್ಸೆಂಬರ್ಗ್. ಫ್ರಾನ್ಸ್, ಬೆಲ್ಜಿಯಂ, ಜರ್ಮನಿಯಿಂದ ಎರಡು ಲಕ್ಷಕ್ಕೂ ಹೆಚ್ಚು ಜನ ದಿನಾ ಗಡಿ ದಾಟಿ ಅಲ್ಲಿಗೆ ಕೆಲಸಕ್ಕೆ ಬರುತ್ತಾರೆ. ಅವರು ದುಡಿದದ್ದು ಲಕ್ಸೆಂಬರ್ಗಿನ ಜಿಡಿಪಿಗೆ ಸೇರುತ್ತದೆ, ತಲೆ ಎಣಿಸುವಾಗ ಅವರು ಲೆಕ್ಕಕ್ಕಿಲ್ಲ. ಅದರ ಮೇಲೆ ಇಂಧನದ ತೆರಿಗೆ ನೆರೆದೇಶಗಳಿಗಿಂತ ಕಡಿಮೆ, ಹಾಗಾಗಿ ಹಾದುಹೋಗುವ ಲಾರಿಗಳೆಲ್ಲ ಅಲ್ಲೇ ಟ್ಯಾಂಕ್ ತುಂಬಿಸುತ್ತವೆ. ರಸ್ತೆಯ ಹೊಗೆಯನ್ನು ಎಣಿಸುವುದು ಇಂಧನ ಮಾರಾಟವಾದ ದೇಶದಲ್ಲಿ, ಉರಿದ ದೇಶದಲ್ಲಿ ಅಲ್ಲ. ಹೀಗೆ ಪುಟ್ಟ ದೇಶದ ಖಾತೆಯಲ್ಲಿ ಪರದೇಶದ ಲಾರಿಗಳ ಹೊಗೆ ದೊಡ್ಡ ಪಾಲು ಹಿಡಿದು ಕೂತಿದೆ. ಇದರಲ್ಲಿ ಒಂದು ಅನುಕೂಲವೂ ಇದೆ: ಪಂಪಿನ ಬೆಲೆ ಏರಿಸಿದರೆ ಹೊಗೆ ತಟ್ಟನೆ ಇಳಿಯುತ್ತದೆ. ಆದರೆ ಆ ಲಾರಿ ಬೆಲ್ಜಿಯಂನಲ್ಲಿ ಡೀಸೆಲ್ ಹಾಕಿಸಿಕೊಂಡಿದ್ದರೆ ವಾತಾವರಣಕ್ಕೆ ಲಾಭವೇನೂ ಆಗಿಲ್ಲ.

ಇನ್ನು ವರ್ಷವಾರು ಪಾಲು. 2030ರ ಶೇಕಡಾವಾರು ಗುರಿಯನ್ನಷ್ಟೇ ಪತ್ರಿಕೆಗಳು ಬರೆಯುತ್ತವೆ. ಸರ್ಕಾರದ ಕೊರಳಿಗೆ ಬೀಳುವುದು 2021ರಿಂದ 2030ರವರೆಗಿನ ಹತ್ತೂ ವರ್ಷದ ಪಾಲು. ಪ್ರತಿ ವರ್ಷಕ್ಕೂ ಒಂದು ಮಿತಿ, ಅದನ್ನು ಎಇಎ ಎಂಬ ಘಟಕಗಳಲ್ಲಿ ಕೊಡುತ್ತಾರೆ. ಒಂದು ಎಇಎ ಎಂದರೆ ಒಂದು ಟನ್. ಹತ್ತು ವರ್ಷದ ಮಿತಿಗಳನ್ನು ಕೂಡಿದರೆ ಬರುವುದೇ ದೇಶದ ಒಟ್ಟು ಬಜೆಟ್. 2029ರವರೆಗೆ ಆರಾಮವಾಗಿದ್ದು 2030ರಲ್ಲಿ ಮಾತ್ರ ಗುರಿ ಮುಟ್ಟುವ ಆಟ ಇಲ್ಲಿ ನಡೆಯದು.

ಲೆಕ್ಕ ಹೇಗೆ ನಡೆಯುತ್ತದೆ ಎಂದು ತೋರಿಸಲು ಒಂದು ಕಾಲ್ಪನಿಕ ದೇಶ ತೆಗೆದುಕೊಳ್ಳೋಣ. 2005ರಲ್ಲಿ 500 ಲಕ್ಷ ಟನ್, ಗುರಿ ಶೇ. 40ರ ಕಡಿತ, ಅಂದರೆ 2030ಕ್ಕೆ 300 ಲಕ್ಷ ಟನ್. ವರ್ಷವರ್ಷದ ಮಿತಿ 2030ರ ಗುರಿಯತ್ತ ಇಳಿಯುವ ನೇರ ಗೆರೆಯನ್ನು ಎಳೆಯುವುದು 2005ರ ಅಂಕಿಯಿಂದ ಅಲ್ಲ, 2016, 2017, 2018ರ ಸರಾಸರಿಯಿಂದ. ಅದು 460 ಲಕ್ಷ ಎನ್ನೋಣ. ಗೆರೆಯ ಆರಂಭದ ಬಿಂದು 2020 ಆಗಬಹುದು, ಇಲ್ಲವೇ 2019 ಮತ್ತು 2020ರ ನಡುವಿನ ಹನ್ನೆರಡರಲ್ಲಿ ಐದನೇ ಭಾಗದ ಜಾಗ ಆಗಬಹುದು. ಎರಡರಲ್ಲಿ ಯಾವುದು ಕಡಿಮೆ ಪಾಲು ಕೊಡುತ್ತದೋ ಅದೇ ಊರ್ಜಿತ. 2020ರಿಂದ ಎಳೆದರೆ 2021ರ ಪಾಲು 444 ಲಕ್ಷ, ಮುಂಚಿನ ಬಿಂದುವಿನಿಂದ ಎಳೆದರೆ 436 ಲಕ್ಷ. ಹತ್ತು ವರ್ಷ ಕೂಡಿದಾಗ 3720ಕ್ಕೂ 3680ಕ್ಕೂ ಇರುವ ವ್ಯತ್ಯಾಸ 40 ಲಕ್ಷ ಟನ್. ಬರೀ ಏಳು ತಿಂಗಳು ಹಿಂದಕ್ಕೆ ಸರಿಸಿದ್ದಕ್ಕೆ ಇಷ್ಟು. ನಿಯಮದ ಈ ಭಾಗ ಬರೆದವರು ಟನ್ನು ಟನ್ನಿಗೂ ಬೆಲೆ ಕೊಟ್ಟು ಬರೆದಿದ್ದಾರೆ, ಅದಕ್ಕೆ ನಮ್ಮ ಪೂರ್ತಿ ಮೆಚ್ಚುಗೆ ಇದೆ.

2023ರ ತಿದ್ದುಪಡಿಯ ನಂತರ ಗೆರೆ ಮೂರು ತುಂಡಾಯಿತು. 2021 ಮತ್ತು 2022 ಹಳೆಯ ಗೆರೆಯ ಮೇಲೆ. 2023ರಿಂದ 2025ರವರೆಗಿನದು 2022ರ ಪಾಲಿನಿಂದ ಹೊಸ ಗುರಿಯತ್ತ ಎಳೆದ ಗೆರೆಯ ಮೇಲೆ. 2026ರಿಂದ ಮುಂದಿನದು 2021, 2022, 2023ರಲ್ಲಿ ಆ ದೇಶ ನಿಜವಾಗಿ ಬಿಟ್ಟ ಹೊಗೆಯ ಸರಾಸರಿಯಿಂದ. ಕೊನೆಯ ತುಂಡಿನ ಬಗ್ಗೆ ನಮ್ಮ ತಕರಾರಿದೆ. ಆ ಮೂರು ವರ್ಷಗಳಲ್ಲಿ ಕೋವಿಡ್‌ನ ನೆರಳೂ ಇತ್ತು, ರಷ್ಯಾದ ಗ್ಯಾಸ್ ನಿಂತು ಜನ ಮನೆಯ ಶಾಖ ಇಳಿಸಿದ್ದೂ ಇತ್ತು. ಮುಂಚಿತವಾಗಿ ಕಡಿತ ಮಾಡಿದ ದೇಶದ ಗೆರೆ ಕೆಳಗಿನಿಂದ ಶುರುವಾಗುತ್ತದೆ, ಸೋಮಾರಿ ದೇಶದ್ದು ಮೇಲಿನಿಂದ. 2030ರಲ್ಲಿ ಇಬ್ಬರೂ ತಮ್ಮತಮ್ಮ ಗುರಿಗೇ ಬಂದು ಸೇರಬೇಕು ನಿಜ, ಆದರೆ ನಡುವಿನ ವರ್ಷಗಳ ಬಜೆಟ್ ಸೋಮಾರಿಗೆ ದೊಡ್ಡದಾಗುತ್ತದೆ.

ಪಾಲು ಮೀರಿದರೆ ಏನು? ಅದೇ ಕಾಲ್ಪನಿಕ ದೇಶವನ್ನು ಮುಂದುವರಿಸೋಣ, ಸರಳತೆಗಾಗಿ ನಡುವಿನ ತಿದ್ದುಪಡಿಯ ಗೆರೆಯನ್ನು ಬಿಟ್ಟು. 2021ರಲ್ಲಿ ಲೆಕ್ಕ ಸರಿಹೋಯಿತು. 2022ರ ಪಾಲು 421 ಲಕ್ಷ, ಬಿಟ್ಟದ್ದು 440. ಕೊರತೆ 19 ಲಕ್ಷ ಟನ್. ಮುಂದಿನ ವರ್ಷದ ಪಾಲಿನಲ್ಲಿ ಶೇ. 7.5ರವರೆಗೆ ಕಡ ತೆಗೆಯಬಹುದು, ಅಂದರೆ ಸುಮಾರು 30 ಲಕ್ಷ. 19 ತೆಗೆದು ಮುಚ್ಚಿದರು, ಎಲ್ಲರೂ ನಿರಾಳ. 2023ರ ಪಾಲು 406 ಇದ್ದದ್ದು ಕಡ ಕಳೆದು 387ಕ್ಕೆ ಬಂತು. ಹೊಗೆ ಐದು ಲಕ್ಷವಷ್ಟೇ ಇಳಿದು 435. ಕೊರತೆ 48. 2024ರಿಂದ ಕಡ ತೆಗೆಯಲು ಸಿಗುವುದು ಹೆಚ್ಚೆಂದರೆ 29. ಮಿಕ್ಕ 19 ಲಕ್ಷಕ್ಕೆ ಯಾರಿಂದಾದರೂ ಕೊಳ್ಳಬೇಕು. ಕೊಳ್ಳದಿದ್ದರೆ ಅದನ್ನು 1.08ರಿಂದ ಗುಣಿಸಿ, ಸುಮಾರು 20 ಲಕ್ಷವಾಗಿ, ಮುಂದಿನ ವರ್ಷದ ಹೊಗೆಗೆ ಸೇರಿಸುತ್ತಾರೆ. 2024ಕ್ಕೆ ಕೈಯಲ್ಲಿ ಉಳಿದ ಪಾಲು 361, ಬಿಟ್ಟ ಹೊಗೆ 430, ದಂಡದ 20 ಸೇರಿ 450. ಕೊರತೆ 89 ಲಕ್ಷ ಟನ್. ಎರಡು ವರ್ಷದ ಹಿಂದೆ 19 ಇದ್ದದ್ದು. ಹೊಗೆ ವರ್ಷವರ್ಷ ಇಳಿಯುತ್ತಲೇ ಇತ್ತು ಎಂಬುದನ್ನು ಗಮನಿಸಿ. ಗೆರೆ ಇಳಿಯುವ ವೇಗಕ್ಕೆ ಹೊಗೆ ಇಳಿಯಲಿಲ್ಲ, ಅಷ್ಟೇ. ಶೇ. 8ರ ದಂಡ ಚಕ್ರಬಡ್ಡಿಯ ಹಾಗೆ ಬೆಳೆಯುತ್ತದೆ: 10 ಲಕ್ಷ ಟನ್ ಬಾಕಿಯನ್ನು ಮುಟ್ಟದೆ ಬಿಟ್ಟರೆ ಐದು ವರ್ಷದಲ್ಲಿ 14.7 ಲಕ್ಷ.

ಬಾಕಿ ಇರುವವರೆಗೆ ಆ ದೇಶ ತನ್ನ ಪಾಲನ್ನು ಬೇರೆಯವರಿಗೆ ಮಾರುವ ಹಾಗಿಲ್ಲ. ದಾರಿ ತಪ್ಪುತ್ತಿದೆ ಎಂದು ಯುರೋಪಿಯನ್ ಆಯೋಗಕ್ಕೆ ಅನಿಸಿದರೆ ಮೂರು ತಿಂಗಳೊಳಗೆ ಸರಿಪಡಿಸುವ ಯೋಜನೆಯನ್ನು ಬರೆದುಕೊಡಬೇಕು. ಕಡದ ಮಿತಿ 2026ರಿಂದ ಶೇ. 5ಕ್ಕೆ ಇಳಿಯುತ್ತದೆ. ಉಳಿಸಿದ ಪಾಲನ್ನು ಮುಂದಿನ ವರ್ಷಗಳಿಗೆ ಕೂಡಿಡಬಹುದು, ಅದಕ್ಕೂ ಮಿತಿ ಇದೆ. ಬೇರೆ ದೇಶಕ್ಕೆ ಮಾರಲು 2025ರವರೆಗಿನ ಪಾಲಿನಲ್ಲಿ ಶೇ. 10, ನಂತರದ್ದರಲ್ಲಿ ಶೇ. 15ರವರೆಗೆ ಅವಕಾಶ.

ಇನ್ನೆರಡು ಹಿಂಬಾಗಿಲುಗಳಿವೆ. ಒಂದು ಇಟಿಎಸ್ ಕಡೆಯದು: ಬೆಲ್ಜಿಯಂ, ಡೆನ್ಮಾರ್ಕ್, ಐರ್ಲೆಂಡ್, ಲಕ್ಸೆಂಬರ್ಗ್, ಮಾಲ್ಟಾ, ನೆದರ್ಲೆಂಡ್ಸ್, ಆಸ್ಟ್ರಿಯ, ಫಿನ್ಲೆಂಡ್, ಸ್ವೀಡನ್ ಈ ಒಂಬತ್ತು ದೇಶಗಳು ತಾವು ಹರಾಜಿಗೆ ಹಾಕಬೇಕಿದ್ದ ಇಟಿಎಸ್ ಪರ್ಮಿಟ್ಟುಗಳನ್ನು ರದ್ದುಮಾಡಿ ಈ ಖಾತೆಗೆ ಜಮಾ ಮಾಡಿಕೊಳ್ಳಬಹುದು. ಎಲ್ಲರದೂ ಸೇರಿ ಹತ್ತು ವರ್ಷಕ್ಕೆ 10 ಕೋಟಿ ಟನ್ ಮೀರಬಾರದು. ಇದು ಪುಕ್ಕಟೆಯಲ್ಲ, ಹರಾಜಿನ ಆದಾಯ ಖಜಾನೆಗೆ ಖೋತಾ. ಇನ್ನೊಂದು ಕಾಡಿನ ಕಡೆಯದು: ಕಾಡು ಮತ್ತು ನೆಲ ಹೀರಿಕೊಂಡ ಇಂಗಾಲ ಆ ಕ್ಷೇತ್ರದ ಸ್ವಂತ ಗುರಿಗಿಂತ ಹೆಚ್ಚಿದ್ದರೆ ಅದನ್ನು ಬಳಸಬಹುದು, ಒಟ್ಟು ಸುಮಾರು 26.2 ಕೋಟಿ ಟನ್, ಅರ್ಧ 2025ರೊಳಗೆ, ಅರ್ಧ ನಂತರ. ಕಾಡಿನ ಬಾಗಿಲನ್ನು ನಂಬಿ ಕೂರಬಾರದು. ಬರ, ಬೆಂಕಿ, ತೊಗಟೆ ಕೊರೆಯುವ ಹುಳುವಿನಿಂದ ಮಧ್ಯ ಯುರೋಪಿನ ಸ್ಪ್ರೂಸ್ ತೋಪುಗಳು ಒಣಗಿ, ಹೀರುವ ಶಕ್ತಿ ಕುಗ್ಗಿದ ವರ್ಷಗಳನ್ನು ಎಲ್ಲರೂ ನೋಡಿದ್ದಾರೆ.

ಈಗ ನಮ್ಮ ಮುಖ್ಯ ದೂರಿಗೆ ಬರೋಣ. 2013ರಿಂದ 2020ರ ಅವಧಿಯಲ್ಲಿ ತಪಾಸಣೆ ವರ್ಷವರ್ಷ ನಡೆಯುತ್ತಿತ್ತು. ಈಗ 2021ರಿಂದ 2025ರವರೆಗಿನ ಐದೂ ವರ್ಷದ ಅಂತಿಮ ತಪಾಸಣೆ 2027ರಲ್ಲಿ, ಮಿಕ್ಕ ಐದು ವರ್ಷದ್ದು 2032ರಲ್ಲಿ. ಆಯೋಗ ಪ್ರತಿ ವರ್ಷ ಪ್ರಗತಿ ವರದಿ ಹೊರತರುತ್ತದೆ, ಆದರೆ ಖಾತೆಯಲ್ಲಿ ಟನ್ ಕಡಿತವಾಗುವುದು ಆ ಎರಡು ಸಲವೇ. ಮೇಲಿನ ಲೆಕ್ಕದಲ್ಲಿ 19 ಲಕ್ಷ 89 ಲಕ್ಷವಾದದ್ದು ಎರಡೇ ವರ್ಷದಲ್ಲಿ. ಐದು ವರ್ಷದ ಬಾಕಿ ಒಮ್ಮೆಗೆ ತಲೆಯ ಮೇಲೆ ಬಿದ್ದಾಗ, ಅದನ್ನು ಮಾಡಿಹೋದ ಸರ್ಕಾರ ಅಧಿಕಾರದಲ್ಲಿ ಇರುವುದೇ ಇಲ್ಲ. ಬಸ್ಸು, ಮನೆಯ ಗೋಡೆಗೆ ಇನ್ಸುಲೇಶನ್, ರೈಲುಹಳಿ ಇವೆಲ್ಲ ಫಲ ಕೊಡಲು ವರ್ಷಗಟ್ಟಲೆ ಬೇಕಾದ ಕೆಲಸಗಳು. 2027ರಲ್ಲಿ ಬಿಲ್ ನೋಡಿ ಎಚ್ಚೆತ್ತವರಿಗೆ 2030ರೊಳಗೆ ಮಾಡಲು ಉಳಿಯುವ ದಾರಿ ಒಂದೇ, ದುಡ್ಡು ಕೊಟ್ಟು ಬೇರೆಯವರ ಪಾಲು ಕೊಳ್ಳುವುದು.

ಆ ಬೆಲೆ ಎಷ್ಟು? ಹಿಂದಿನ ಅವಧಿಯಲ್ಲಿ ಸರಕು ಮಾರುಕಟ್ಟೆಯಲ್ಲಿ ಧಾರಾಳವಾಗಿತ್ತು. ಮಾಲ್ಟಾ ಬಲ್ಗೇರಿಯದಿಂದ ಕೊಂಡಿತು. ಜರ್ಮನಿ 2022ರಲ್ಲಿ ಬಲ್ಗೇರಿಯ, ಝೆಕ್ ಗಣರಾಜ್ಯ, ಹಂಗೇರಿಗಳಿಂದ ಸುಮಾರು 1.1 ಕೋಟಿ ಟನ್ನಿನ ಪಾಲು ಕೊಂಡು ಹಳೆಯ ಲೆಕ್ಕ ಮುಚ್ಚಿತು. ಐರ್ಲೆಂಡ್ ಸ್ಲೊವಾಕಿಯದಿಂದ ಸುಮಾರು 41.5 ಲಕ್ಷ ಟನ್ ಕೊಂಡದ್ದು ಸುಮಾರು 29 ಲಕ್ಷ ಯೂರೋಗೆ, ಟನ್ನಿಗೆ ಒಂದು ಯೂರೋ ಕೂಡ ಬೀಳಲಿಲ್ಲ. ಅದೇ ಒಂದು ಟನ್ನಿಗೆ ಇಟಿಎಸ್ ಮಾರುಕಟ್ಟೆಯಲ್ಲಿ 2023ರ ಫೆಬ್ರವರಿಯಲ್ಲಿ 100 ಯೂರೋ ದಾಟಿತ್ತು. ಒಂದೇ ಅನಿಲ, ಒಂದೇ ಆಕಾಶ, ನೂರು ಪಟ್ಟಿಗೂ ಮೀರಿದ ಅಂತರ. ತನ್ನ ಹೆಚ್ಚುವರಿ ಪಾಲನ್ನು ಮಾರದೆ ರದ್ದುಮಾಡಿದ ಸ್ವೀಡನ್‌ನ ನಡೆಯನ್ನು ಇಲ್ಲಿ ಮನಸಾರೆ ಹೊಗಳಬೇಕು.

ಈ ಸಲ ಅಗ್ಗದ ಸರಕು ಸಿಗುತ್ತದೆ ಎಂದು ಯಾವ ಹಣಕಾಸು ಸಚಿವರೂ ಲೆಕ್ಕ ಹಾಕುವ ಹಾಗಿಲ್ಲ. ಜರ್ಮನಿ, ಇಟಲಿಯಂಥ ದೊಡ್ಡ ದೇಶಗಳೇ ತಮ್ಮ ಮುನ್ನಂದಾಜಿನಲ್ಲಿ ಕೊರತೆ ತೋರಿಸುತ್ತಿವೆ. ಕೊಳ್ಳುವವರ ಸಾಲು ಉದ್ದ, ಮಾರುವವರ ಅಂಗಡಿ ಚಿಕ್ಕದು. ಐರ್ಲೆಂಡಿನ ಹಣಕಾಸು ಸಲಹಾ ಮಂಡಳಿ ಮತ್ತು ಹವಾಮಾನ ಸಲಹಾ ಮಂಡಳಿ ಜೊತೆಯಾಗಿ 2025ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ, ಒಕ್ಕೂಟದ ಗುರಿಗಳನ್ನು ತಪ್ಪಿಸಿಕೊಂಡರೆ ಆ ಪುಟ್ಟ ದೇಶಕ್ಕೆ ಬೀಳಬಹುದಾದ ಖರ್ಚು 800 ಕೋಟಿಯಿಂದ 2600 ಕೋಟಿ ಯೂರೋ. ಅಂದಾಜಿನ ಎರಡು ತುದಿಗಳ ನಡುವೆ ಇಷ್ಟು ಅಂತರ ಇರುವುದಕ್ಕೆ ದೊಡ್ಡ ಕಾರಣ, ಎಇಎಗೆ ಸಾರ್ವಜನಿಕ ಬೆಲೆಯೇ ಇಲ್ಲದಿರುವುದು. ಎರಡು ಸರ್ಕಾರಗಳು ಕೂತು ಮಾತಾಡಿ ಬೆಲೆ ಗೊತ್ತುಮಾಡುತ್ತವೆ. ತೆರಿಗೆ ಕಟ್ಟುವ ಜನಕ್ಕೆ ದರ ಗೊತ್ತಿದ್ದರೆ, ಹೀಟ್ ಪಂಪಿಗೆ ಸಬ್ಸಿಡಿ ಕೊಡುವುದು ಅಗ್ಗವೋ ಪಾಲು ಕೊಳ್ಳುವುದು ಅಗ್ಗವೋ ಎಂದು ಸಂಸತ್ತಿನಲ್ಲಿ ನೇರವಾಗಿ ಕೇಳಬಹುದಿತ್ತು.

ಅಂಕಿಅಂಶವನ್ನು ತಾವೇ ನೋಡಬೇಕೆನ್ನುವವರಿಗೆ ವ್ಯವಸ್ಥೆ ಚೆನ್ನಾಗಿದೆ, ಇದಕ್ಕೆ ಪೂರ್ತಿ ಅಂಕ. ಕೋಪನ್‌ಹೇಗನ್‌ನಲ್ಲಿರುವ ಯುರೋಪಿಯನ್ ಪರಿಸರ ಏಜೆನ್ಸಿ 2005ರಿಂದ ಈಚೆಗಿನ ಎಫರ್ಟ್ ಶೇರಿಂಗ್ ಹೊಗೆಯನ್ನು ದೇಶವಾರು, ವರ್ಷವಾರು ಉಚಿತವಾಗಿ ಕೊಡುತ್ತದೆ. ದೇಶಗಳು ಹಿಂದಿನ ವರ್ಷದ ಮೊದಲ ಅಂದಾಜನ್ನು ಜುಲೈ 31ರೊಳಗೆ ಕಳಿಸಬೇಕು, ಪೂರ್ಣ ಪಟ್ಟಿಯ ಕರಡನ್ನು ಮರುವರ್ಷದ ಜನವರಿ 15ಕ್ಕೆ, ಅಂತಿಮವನ್ನು ಮಾರ್ಚ್ 15ಕ್ಕೆ. ಹಾಗಾಗಿ ಬೇಸಿಗೆಯಲ್ಲಿ ಪತ್ರಿಕೆಯಲ್ಲಿ ಓದಿದ ಅಂಕಿ ಮುಂದಿನ ವಸಂತಕ್ಕೆ ಬದಲಾದರೆ ಗಾಬರಿ ಬೇಡ.

ಸ್ವಂತ ಲೆಕ್ಕ ಹಾಕುವವರು ಹೆಚ್ಚಾಗಿ ಮೂರು ಕಡೆ ಎಡವುತ್ತಾರೆ. ದೇಶದ ಒಟ್ಟು ಹೊಗೆಯಿಂದ ಇಟಿಎಸ್ ಸ್ಥಾವರಗಳ ದೃಢೀಕೃತ ಅಂಕಿ ಕಳೆದು ಅಲ್ಲಿಗೇ ನಿಲ್ಲಿಸುತ್ತಾರೆ. ದೇಶದೊಳಗಿನ ವಿಮಾನಗಳ ಇಂಗಾಲದ ಡೈಆಕ್ಸೈಡನ್ನೂ ಕಳೆಯಬೇಕು, ನಿಯಮದಲ್ಲಿ ಅದನ್ನು ಸೊನ್ನೆ ಎಂದೇ ಎಣಿಸಲಾಗಿದೆ. ಎರಡನೆಯದಾಗಿ, ಕಾಡು ಹೀರಿದ್ದನ್ನು ಸೇರಿಸಿದ ನಿವ್ವಳ ಅಂಕಿ ಹಿಡಿದು ದೇಶ ಗುರಿ ಮುಟ್ಟಿತು ಎಂದು ಸಂಭ್ರಮಿಸುತ್ತಾರೆ. ಹಿಡಿಯಬೇಕಾದದ್ದು ಕಾಡು ಸೇರದ ಅಂಕಿ. ಮೂರನೆಯದು ತುಂಬ ಸೂಕ್ಷ್ಮ: 2020ರವರೆಗಿನ ಲೆಕ್ಕದಲ್ಲಿ ಮೀಥೇನಿನ ಗುಣಕ 25, ನೈಟ್ರಸ್ ಆಕ್ಸೈಡಿನದು 298. 2021ರಿಂದ ಅವು 28 ಮತ್ತು 265. ಹಳೆಯ ಮತ್ತು ಹೊಸ ಸಾಲುಗಳನ್ನು ಹಾಗೇ ಜೋಡಿಸಿದರೆ, ದನ ಹೆಚ್ಚಿರುವ ದೇಶದ ಹೊಗೆ ಒಂದೇ ರಾತ್ರಿಯಲ್ಲಿ ಏರಿದ ಹಾಗೆ ಕಾಣುತ್ತದೆ. ಹಸುಗಳು ಏನೂ ಮಾಡಿರುವುದಿಲ್ಲ.

ಜರ್ಮನಿಯಲ್ಲಿ ಬಾಡಿಗೆ ಮನೆಯಲ್ಲಿರುವವರು ಒಂದು ವಿಷಯ ತಪ್ಪದೆ ನೋಡಿಕೊಳ್ಳಬೇಕು. ಈ ಖಾತೆಯ ಹೊಗೆ ಇಳಿಸಲೆಂದೇ ಆ ದೇಶ 2021ರಿಂದ ಗ್ಯಾಸು, ಪೆಟ್ರೋಲು, ಡೀಸೆಲಿನ ಮೇಲೆ ಇಂಗಾಲದ ಬೆಲೆ ಹಾಕಿದೆ. ಟನ್ನಿಗೆ 25 ಯೂರೋದಿಂದ ಶುರುವಾದದ್ದು 2025ರಲ್ಲಿ 55 ಆಯಿತು. 2023ರಿಂದ ಬಿಸಿಯ ಮೇಲಿನ ಈ ಖರ್ಚನ್ನು ಮನೆ ಮಾಲೀಕ ಮತ್ತು ಬಾಡಿಗೆದಾರ ಹತ್ತು ಹಂತಗಳ ಪಟ್ಟಿಯ ಪ್ರಕಾರ ಹಂಚಿಕೊಳ್ಳಬೇಕು. ಚದರ ಮೀಟರಿಗೆ ವರ್ಷಕ್ಕೆ 12 ಕೆ.ಜಿ.ಗಿಂತ ಕಡಿಮೆ ಹೊಗೆ ಬಿಡುವ ಒಳ್ಳೆಯ ಕಟ್ಟಡವಾದರೆ ಪೂರ್ತಿ ಬಾಡಿಗೆದಾರನದು. 52 ಕೆ.ಜಿ. ಮುಟ್ಟಿದ ಸೋರುವ ಕಟ್ಟಡವಾದರೆ ಶೇ. 95 ಮಾಲೀಕನದು. 80 ಚದರ ಮೀಟರಿನ ಮನೆಯಲ್ಲಿ ವರ್ಷಕ್ಕೆ 13,000 ಯೂನಿಟ್ (ಕಿಲೋವ್ಯಾಟ್ ಅವರ್) ಗ್ಯಾಸ್ ಉರಿದರೆ, ಯೂನಿಟ್ಟಿಗೆ 0.18 ಕೆ.ಜಿ. ಲೆಕ್ಕದಲ್ಲಿ 2.34 ಟನ್, ಚದರ ಮೀಟರಿಗೆ ಸುಮಾರು 29 ಕೆ.ಜಿ. 55 ಯೂರೋ ದರದಲ್ಲಿ ತೆರಿಗೆ ಬಿಟ್ಟು ಸುಮಾರು 129 ಯೂರೋ. ಈ ಹಂತದಲ್ಲಿ ಮಾಲೀಕನ ಪಾಲು ಶೇ. 40, ಅಂದರೆ 51 ಯೂರೋ ಚಿಲ್ಲರೆ. ಕಟ್ಟಡಕ್ಕೆಲ್ಲ ಒಂದೇ ಬಾಯ್ಲರ್ ಇದ್ದರೆ ಮಾಲೀಕನೇ ವಾರ್ಷಿಕ ಬಿಲ್ಲಿನಲ್ಲಿ ಕಳೆದು ತೋರಿಸಬೇಕು. ಮನೆಯೊಳಗೇ ಬಾಯ್ಲರ್ ಇದ್ದು ಗ್ಯಾಸ್ ಕಂಪನಿಗೆ ಬಾಡಿಗೆದಾರನೇ ಹಣ ಕಟ್ಟುತ್ತಿದ್ದರೆ, ಬಿಲ್ ಬಂದ 12 ತಿಂಗಳೊಳಗೆ ಮಾಲೀಕನಿಗೆ ಬರೆದು ಕೇಳಬೇಕು. ಅವಧಿ ಮೀರಿದರೆ ಹಕ್ಕು ಹೋಯಿತು. ಟನ್ನಿನ ಅಂಕಿ ಗ್ಯಾಸ್ ಬಿಲ್ಲಿನ ಒಳಪುಟದಲ್ಲೇ ಅಚ್ಚಾಗಿರುತ್ತದೆ, ಹುಡುಕಿ.

ಐರ್ಲೆಂಡಿನಲ್ಲಿ ಇದೇ ಕೆಲಸವನ್ನು ಇಂಗಾಲ ತೆರಿಗೆ ಮಾಡುತ್ತದೆ, ವರ್ಷಕ್ಕೆ ಟನ್ನಿಗೆ 7.50 ಯೂರೋ ಏರುತ್ತ 2030ಕ್ಕೆ 100 ಮುಟ್ಟಬೇಕೆಂಬ ಯೋಜನೆ. ಅದು ಇಂಧನಕ್ಕಷ್ಟೇ ತಗಲುತ್ತದೆ, ಹಸುವಿನ ಮೀಥೇನಿಗಿಲ್ಲ. ಅಂದರೆ ಡಬ್ಲಿನ್‌ನ ಫ್ಲಾಟಿನವರು ಕಟ್ಟುತ್ತಾರೆ, ಹೊಗೆಯ ದೊಡ್ಡ ಪಾಲಿರುವ ಕ್ಷೇತ್ರ ತೆರಿಗೆಯ ಹೊರಗೇ ಉಳಿಯುತ್ತದೆ.

ಒಕ್ಕೂಟದ ಮಟ್ಟದಲ್ಲಿ ಕಟ್ಟಡ ಮತ್ತು ರಸ್ತೆ ಇಂಧನಕ್ಕೆ ಎರಡನೆಯ ಪರ್ಮಿಟ್ ಮಾರುಕಟ್ಟೆ ಬರಲಿದೆ. 2027ಕ್ಕೆ ಎಂದಿದ್ದದ್ದನ್ನು 2028ಕ್ಕೆ ಸರಿಸಲು 2025ರ ಕೊನೆಯಲ್ಲಿ ಸದಸ್ಯ ದೇಶಗಳೂ ಸಂಸತ್ತೂ ಒಪ್ಪಿದವು. ಅದು ಬಂದರೂ ಈ ಹೊಗೆ ದೇಶದ ಎಫರ್ಟ್ ಶೇರಿಂಗ್ ಖಾತೆಯಿಂದ ಹೊರಹೋಗುವುದಿಲ್ಲ, ಎರಡೂ ಕಡೆ ಎಣಿಕೆಯಾಗುತ್ತದೆ. ಹೀಗಾಗಿ ಮುಂದೂಡಿದ ಆ ಒಂದು ವರ್ಷದ ಹೊರೆ ಸರ್ಕಾರಗಳ ಖಾತೆಗೇ ಬಂದು ಬೀಳುತ್ತದೆ.

2027ರ ತಪಾಸಣೆಯ ಫಲಿತಾಂಶ ಬಂದಾಗ ದೇಶ ಗುರಿ ಮುಟ್ಟಿತೇ ಎಂಬ ಸುದ್ದಿಯ ಸಾಲನ್ನಷ್ಟೇ ಓದಿ ಬಿಡಬೇಡಿ. 2026ರಿಂದ ಎಷ್ಟು ಪಾಲನ್ನು ಕಡ ತಂದು 2025ರ ಲೆಕ್ಕ ಮುಚ್ಚಿದ್ದಾರೆ ಎಂದು ನೋಡಿ. ಕಾಡಿನ ಬಾಗಿಲಿನಿಂದ ಎಷ್ಟು ಬಂತು, ಬೇರೆ ದೇಶದಿಂದ ಎಷ್ಟು ಕೊಂಡರು ಎಂದು ನೋಡಿ. ಕೊಂಡಿದ್ದರೆ, ಟನ್ನಿಗೆ ಎಷ್ಟು ಯೂರೋ ಕೊಟ್ಟಿರಿ ಎಂದು ನಿಮ್ಮ ಕ್ಷೇತ್ರದ ಪ್ರತಿನಿಧಿಗೆ ಬರೆದು ಕೇಳಿ.